ಸೂರ್ಯ ತಡವಾಗಿ ಮುಳುಗುವ ಊರಿನಲ್ಲಿ

ಸ್ಪೇನ್ ದೇಶದ ವಯ್ಯಾದೊಲಿದ್, ಪಿಸುಎರ್ಗಾ ನದಿಯ ದಂಡೆಯ ಮೇಲಿರುವ ಸುಮಾರು 3 ಲಕ್ಷ ಜನವಸತಿಯ ಊರು. ಕೊಲಂಬಸ್ 1506ರಲ್ಲಿ ಕಣ್ಣು ಮುಚ್ಚಿದ್ದು ಇಲ್ಲಿಯೇ. ಉದ್ಯೋಗದ ನಿಮಿತ್ತ ಇಲ್ಲಿಗೆ ಬಂದ ನಮ್ಮನ್ನು ಭಾಷೆಗಿಂತ ಹೆಚ್ಚು ಕಾಡಿದ್ದು ಗಡಿಯಾರ.

1940ರಲ್ಲಿ ಈ ದೇಶ ತನ್ನ ಗಡಿಯಾರವನ್ನು ಒಂದು ತಾಸು ಮುಂದಿಟ್ಟಿತು. ಮರಳಿ ಹಿಂದಕ್ಕೆ ತರಲಿಲ್ಲ. ಬೇಸಿಗೆಯಲ್ಲಿ ಇನ್ನೊಂದು ತಾಸು ಮುಂದೆ. ಹೀಗಾಗಿ ಜೂನ್‌ನಲ್ಲಿ ಸೂರ್ಯಾಸ್ತ ರಾತ್ರಿ 10ರ ಸುಮಾರಿಗೆ. ಸೊಲ್ಲಾಪುರದಲ್ಲಿ 7ರೊಳಗೆ ಊಟ ಮುಗಿಸುತ್ತಿದ್ದ ನಮಗೆ ರಾತ್ರಿಭೋಜನ ತ್ಯಾಗದ ವ್ರತ ಇಲ್ಲಿ ಬಲು ಸುಲಭವೆನಿಸಿತು. ಆದರೆ ಡಿಸೆಂಬರ್‌ನಲ್ಲಿ ಸೂರ್ಯ 6ರೊಳಗೇ ಮುಳುಗುತ್ತಾನೆ. ಇಲ್ಲಿಯವರ ರಾತ್ರಿಯೂಟ ಮಾತ್ರ ಎಂದಿನಂತೆ 9ರ ಮೇಲೆಯೇ.

ಆ ಚಳಿಗಾಲದಲ್ಲಿ ನೆರೆಮನೆಯ ಅಜ್ಜಿ ಊಟಕ್ಕೆ ಕರೆದರು. ಮೊಟ್ಟೆ, ಆಲೂಗಡ್ಡೆ, ಉಳ್ಳಾಗಡ್ಡಿಯ ತೊರ್ತಿಯಾ ಮಾಡಿದ್ದರು. ನಾವು ಏನನ್ನೂ ಮುಟ್ಟಲಿಲ್ಲ. ಅವರ ಮುಖ ಬಾಡಿತು. ನಮ್ಮ ವ್ರತವೇನೋ ಉಳಿಯಿತು; ಒಂದು ಮನಸ್ಸನ್ನು ನೋಯಿಸಿದೆವಲ್ಲ, ಅದು ಹಿಂಸೆಯಲ್ಲವೇ ಎಂಬ ಚಿಂತೆಯಲ್ಲಿ ನಿದ್ದೆ ಹತ್ತಲಿಲ್ಲ.

ಮರುದಿನ ಹೋಗಿ, ನಮಗೆ ಬರುವಷ್ಟು ಸ್ಪ್ಯಾನಿಷ್‌ನಲ್ಲಿ ಎಲ್ಲವನ್ನೂ ತಿಳಿಸಿದೆವು. "ಮೊದಲೇ ಹೇಳಬಾರದಿತ್ತೇ? ಇಲ್ಲಿ ದೊಡ್ಡ ಊಟ ಮಧ್ಯಾಹ್ನದ್ದೇ ಅಲ್ಲವೇ" ಎಂದು ಅಜ್ಜಿ ನಕ್ಕರು. ರವಿವಾರ ಮಧ್ಯಾಹ್ನ 2 ಗಂಟೆಗೆ ಬೆಳ್ಳುಳ್ಳಿ ಹಾಕದ ಕಡಲೆ-ಪಾಲಕ್ ಪಲ್ಯೆ ಮಾಡಿ ಬಡಿಸಿದರು.

ವ್ರತ ಪಾಲಿಸುವುದು ನಮ್ಮ ಧರ್ಮ. ಕರೆದವರಿಗೆ ಅದನ್ನು ವಿನಯದಿಂದ ಮೊದಲೇ ತಿಳಿಸುವುದೂ ನಮ್ಮದೇ ಧರ್ಮ. ಮಕ್ಕಳನ್ನು ಪರದೇಶಕ್ಕೆ ಕಳಿಸುವ ಶ್ರಾವಕ ಬಂಧುಗಳು ಈ ಮಾತನ್ನೂ ಬುತ್ತಿಯೊಂದಿಗೆ ಕಟ್ಟಿಕೊಡಲಿ.