ಕಾರ್ನ್‌ಫ್ಲೋರಿನ ಸಹವಾಸ

ಈಗ ನೀವು ಏಳು ವರ್ಷದ ಹುಡುಗಿಯೊಬ್ಬಳ ಅತ್ತೆ. ನಿಂತಿರುವುದು ಯಶವಂತಪುರ ಮಾರುಕಟ್ಟೆಯ ಹಿಂದಿನ ಗಲ್ಲಿಯ ಫ್ಲೋರ್ ಮಿಲ್ಲಿನಲ್ಲಿ, ಕಂಕುಳಲ್ಲಿ ಎರಡು ಕೆಜಿ ಮುಸುಕಿನ ಜೋಳದ ಬಟ್ಟೆಚೀಲ. ಬೆಲ್ಟು ತಿರುಗುವ ಸದ್ದಿಗೆ ಕಿವಿ ಗುಂಯ್‌ಗುಡುತ್ತಿದೆ. ನೆಲದ ನಡುಕ ಚಪ್ಪಲಿ ದಾಟಿ ಮೊಣಕಾಲಿನವರೆಗೂ ಏರುತ್ತಿದೆ. ಬಿಸಿ ಹಿಟ್ಟಿನ ವಾಸನೆ, ಕಾದ ರಬ್ಬರಿನ ವಾಸನೆ, ಪಕ್ಕದ ಮಷೀನಿನಿಂದ ಖಾರದಪುಡಿಯ ಘಾಟು. ಸೀನು ಬಂದು ಮೂಗಿನ ತುದಿಯಲ್ಲೇ ನಿಂತಿದೆ.

ಜೋಳವೇನೋ ಒಳ್ಳೆಯದೇ. ಬೆಳಿಗ್ಗೆ ಎಪಿಎಂಸಿ ಯಾರ್ಡಿನಲ್ಲಿ ಲಾರಿಗಳ ಸಂದಿಯಲ್ಲಿ ನುಸುಳಿ, ಮುಷ್ಟಿ ತುಂಬ ಎತ್ತಿ ಮೂಸಿ ನೋಡಿ ತಂದಿದ್ದೀರಿ. ಮುಗ್ಗಲು ವಾಸನೆಯಿಲ್ಲ, ಬೂಷ್ಟು ಹಿಡಿದ ಕಾಳಿಲ್ಲ. ಬೂಷ್ಟನ್ನು ಹಗುರಾಗಿ ತೆಗೆದುಕೊಳ್ಳುವ ಹಾಗಿಲ್ಲ. 1974ರಲ್ಲಿ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾಂಸವಾಡಾ ಕಡೆ ಅಕಾಲದ ಮಳೆಗೆ ನೆನೆದ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಬೂಷ್ಟು ಬಿಡುವ ಆ ವಿಷ ಅಫ್ಲಾಟಾಕ್ಸಿನ್. ಒಲೆಯ ಬಿಸಿಗೆ ಅದು ಪೂರ್ತಿ ಹೋಗುವುದಿಲ್ಲ.

“ಕಣ್ಣೆದುರಿಗೇ ಬೀಸಿಸ್ಕೊಂಡು ಬಾ, ಅದಕ್ಕಿಂತ ನಂಬಿಕೆ ಇನ್ನೇನಿದೆ” ಎಂದು ಅಮ್ಮ ಹೇಳಿ ಕಳಿಸಿದ್ದಾರೆ. ಕಣ್ಣೆದುರಿಗೇ ನಡೆಯುತ್ತಿದೆ. ನಿಮ್ಮ ಮುಂದಿನ ಅಜ್ಜಿಯ ಗೋಧಿ ಮುಗಿಯುತ್ತಾ ಬಂತು. ರೆಪ್ಪೆ, ಹುಬ್ಬೆಲ್ಲ ಬೆಳ್ಳಗಾದ ಮಿಲ್ಲಿನ ಹುಡುಗ, ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆಯ ತೋಳನ್ನು ಅಂಗೈಯಿಂದ ಬಡಿಯುತ್ತಾನೆ. ಮುಗಿಯಿತು ಅಂದುಕೊಂಡ ಜಾಗದಿಂದ ಇನ್ನೊಂದು ಹಿಡಿ ಗೋಧಿಹಿಟ್ಟು ದೊಪ್ಪನೆ ಬೀಳುತ್ತದೆ. ಮತ್ತೆ ಬಡಿಯುತ್ತಾನೆ, ಇನ್ನೂ ಸ್ವಲ್ಪ. ಅಜ್ಜಿಗೆ ಸಮಾಧಾನ. ನಿಮ್ಮ ಹೊಟ್ಟೆಯೊಳಗೆ ಏನೋ ತಣ್ಣಗಾಗುತ್ತದೆ.

“ಕೊಡಿ ಮೇಡಂ” ಎಂದು ಕೈ ಚಾಚುತ್ತಾನೆ. “ಮೊದಲು ಒಂದು ಹಿಡಿ ಜೋಳ ಹಾಕಿ ಓಡಿಸಿಬಿಡ್ತೀನಿ, ಎಲ್ಲಾ ಕ್ಲೀನಾಗುತ್ತೆ.”

ನೀವು ಚೀಲ ಕೊಡುವುದಿಲ್ಲ. ಒಳಗಿನ ಕಲ್ಲಿನ ಗೀರುಗಳಲ್ಲಿ, ಆ ಬಟ್ಟೆಯ ನೇಯ್ಗೆಯಲ್ಲಿ ಹತ್ತೇ ಗ್ರಾಂ ಗೋಧಿಹಿಟ್ಟು ಉಳಿದಿದೆ ಅಂದುಕೊಳ್ಳಿ. ಅದರಲ್ಲಿ ಹೆಚ್ಚುಕಡಿಮೆ ಒಂದು ಗ್ರಾಂ ಗ್ಲುಟೆನ್, ಅಂದರೆ ಗೋಧಿಯ ಪ್ರೋಟೀನು. ನಿಮ್ಮ ಎರಡು ಕೆಜಿಗೆ ಅದು ಬೆರೆತರೆ ಕೆಜಿಗೆ 500 ಮಿಲಿಗ್ರಾಂ. ಪ್ಯಾಕೆಟ್ಟಿನ ಮೇಲೆ ‘ಗ್ಲುಟೆನ್ ಫ್ರೀ’ ಎಂದು ಬರೆಯಬೇಕಾದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಒಪ್ಪುವುದು ಕೆಜಿಗೆ ಹೆಚ್ಚೆಂದರೆ 20. ಹುಡುಗ ಸುಳ್ಳು ಹೇಳುತ್ತಿಲ್ಲ. ಅವನ ಲೆಕ್ಕದಲ್ಲಿ ಕ್ಲೀನು ಎಂದರೆ ಅಜ್ಜಿಯ ಚಪಾತಿಯಲ್ಲಿ ಜೋಳ ಸಿಗದಷ್ಟು. ನಿಮಗೆ ಬೇಕಾಗಿರುವ ಕ್ಲೀನು ಈ ಗಲ್ಲಿಯಲ್ಲೇ ಇಲ್ಲ.

ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಅನ್ನುತ್ತಾರಲ್ಲ. ಜೋಳದ್ದೂ ಅದೇ ಕಥೆ. ತಪ್ಪು ಅದರದ್ದಲ್ಲ.

ಅಣ್ಣನ ಮಗಳಿಗೆ ಸೀಲಿಯಾಕ್ ಎಂದು ಗೊತ್ತಾದದ್ದು ಐದನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಜಂತುಹುಳಕ್ಕೆ ಔಷಧಿ, ರಕ್ತ ಕಮ್ಮಿ ಎಂದು ಟಾನಿಕ್ಕು, ದೃಷ್ಟಿಯಾಗಿದೆ ಎಂದು ನಿವಾಳಿಸಿದ್ದು, ಎಲ್ಲವೂ ಆಗಿತ್ತು. ಹೊಟ್ಟೆ ಮಾತ್ರ ಗುಡಾಣ, ಕೈಕಾಲು ಕಡ್ಡಿ. ಕೊನೆಗೆ ರಕ್ತಪರೀಕ್ಷೆ, ಎಂಡೋಸ್ಕೋಪಿ. ಸಣ್ಣ ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಹಾಗೆ ಎದ್ದು ನಿಂತಿರಬೇಕಾದ ಎಳೆಗಳು ಸವೆದು ಚಪ್ಪಟೆಯಾಗಿದ್ದವು. ಗೋಧಿ, ಬಾರ್ಲಿ, ರೈ ಧಾನ್ಯಗಳ ಗ್ಲುಟೆನ್ ಒಳಹೊಕ್ಕಾಗೆಲ್ಲ ಅವಳ ದೇಹವೇ ಅವಳ ಕರುಳಿನ ಮೇಲೆ ಏರಿಹೋಗುತ್ತದೆ. “ಇದೆಲ್ಲಾ ಉತ್ತರದವರ ಕಾಯಿಲೆ, ನಮಗೆಲ್ಲಿಂದ ಬಂತು” ಎಂದರು ನೆಂಟರು. ಪೂರ್ತಿ ತಪ್ಪು ಮಾತೂ ಅಲ್ಲ. 2016ರಲ್ಲಿ ಪ್ರಕಟವಾದ, ಬಿ.ಎಸ್. ರಾಮಕೃಷ್ಣ ಮತ್ತು ಜೊತೆಗಾರರ ಅಧ್ಯಯನದಲ್ಲಿ ಉತ್ತರದಲ್ಲಿ ನೂರಕ್ಕೆ 1.23 ಮಂದಿಗೆ ಈ ಕಾಯಿಲೆ ಕಂಡರೆ ದಕ್ಷಿಣದಲ್ಲಿ ಕಂಡದ್ದು 0.10. ಅಲ್ಲಿನವರ ತಟ್ಟೆಗೆ ಬೀಳುವ ಗೋಧಿಯೂ ನಮ್ಮದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಪರೂಪದ್ದು ಎನ್ನುವುದು ನಿಜ. ಆದರೆ ಬಂದ ಮನೆಗೆ ಅದು ನೂರಕ್ಕೆ ನೂರು.

ಅವಳ ರೊಟ್ಟಿಗೆಂದು ತಂದ ಜೋಳ ಹೊತ್ತುಕೊಂಡೇ, ಅವಳ ಕೇಕಿಗೆ ಕಾರ್ನ್‌ಫ್ಲೋರ್ ಹುಡುಕಿಕೊಂಡು ಕಿರಾಣಿ ಅಂಗಡಿಗೆ ಬರುತ್ತೀರಿ. ಸಾಲಾಗಿ ಬಾಯಿ ಮಡಚಿಟ್ಟ ಚೀಲಗಳು: ಮೈದಾ, ಚಿರೋಟಿ ರವೆ, ಕಡ್ಲೆಹಿಟ್ಟು, ಕಾರ್ನ್‌ಫ್ಲೋರ್. ನಾಲ್ಕಕ್ಕೂ ಸೇರಿ ಅಲ್ಯೂಮಿನಿಯಂ ಮೊಗೆ ಒಂದೇ. “ಲೂಸು ತಗೊಳ್ಳಿ, ಫ್ರೆಶ್ಶಾಗಿದೆ” ಎನ್ನುವವರಿಗೆ ತಲೆಯಾಡಿಸಿ ಸೀಲಾದ ಪ್ಯಾಕೆಟ್ ಕೇಳುತ್ತೀರಿ. ಹಳದಿ ಜೋಳದ ಹಿಟ್ಟಿನ ಪ್ಯಾಕೆಟ್ ಬರುತ್ತದೆ. ಅದು ರೊಟ್ಟಿಗೆ. ಇಡೀ ಕಾಳು ಬೀಸಿದ್ದು, ಕೇಕನ್ನು ಭಾರ ಮಾಡುತ್ತದೆ. ನಿಮಗೆ ಬೇಕಾದದ್ದು ಬಿಳಿಯದು, ಜೋಳವನ್ನು ನೀರಲ್ಲಿ ನೆನೆಹಾಕಿ ಸಿಪ್ಪೆ, ಮೊಳಕೆ, ಪ್ರೋಟೀನೆಲ್ಲ ಬೇರ್ಪಡಿಸಿ ಉಳಿಸಿಕೊಂಡ ಬರೀ ಪಿಷ್ಟ. ಬೆರಳ ನಡುವೆ ಒತ್ತಿದರೆ ಪ್ಯಾಕೆಟ್ಟಿನೊಳಗೇ ಕಿರ್ ಎನ್ನುತ್ತದೆ. ಮೈದಾ ಹಾಗೆ ಸದ್ದು ಮಾಡುವುದಿಲ್ಲ.

ಕನ್ನಡಕ ಹಣೆಗೇರಿಸಿ ಹಿಂಬದಿ ಓದುತ್ತೀರಿ. ಮೊದಲನೆಯದರಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರ: ಗೋಧಿಯ ಅಂಶ ಇರಬಹುದು. ಬಿಳಿ ಪುಡಿಯಾದದ್ದು ಒಂದು ಕಡೆ, ಪ್ಯಾಕೆಟ್ ತುಂಬಿದ್ದು ಇನ್ನೊಂದು ಕಡೆ, ಅಲ್ಲಿ ಪಕ್ಕದಲ್ಲೇ ಮೈದಾ ತುಂಬುತ್ತಿದ್ದಿರಬಹುದು. ವಾಪಸ್. ಎರಡನೆಯದರಲ್ಲಿ ಎಚ್ಚರಿಕೆಯೂ ಇಲ್ಲ, ಭರವಸೆಯೂ ಇಲ್ಲ. ಅದೂ ವಾಪಸ್. ಮೂರನೆಯದರಲ್ಲಿ ಗ್ಲುಟೆನ್ ಫ್ರೀ ಎಂದು ಸ್ಪಷ್ಟವಾಗಿದೆ. ನೂರು ಗ್ರಾಮಿನದು, ಇರುವುದೇ ಒಂದು. ಅಕ್ಕಿಹಿಟ್ಟು, ಬೇಕಿಂಗ್ ಪೌಡರ್ ಕೂಡ ಇದೇ ಪರೀಕ್ಷೆ ಪಾಸಾಗಬೇಕು, ಏಕೆಂದರೆ ಬೇಕಿಂಗ್ ಪೌಡರಿಗೂ ಯಾವುದೋ ಒಂದು ಪಿಷ್ಟ ಬೆರೆಸಿರುತ್ತಾರೆ. ಹಿಂದೆ ನಿಂತವರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ ಬಿಡಿ.

ಮಧ್ಯಾಹ್ನ ಮೂರು. ಅಡುಗೆಮನೆಯ ಕಿಟಕಿಯಿಂದ ಸ್ಟೇಷನ್ನಿನ ಮೈಕು ಕೇಳುತ್ತಿದೆ, ಪ್ರಯಾಣಿಕರ ಗಮನಕ್ಕೆ. ನೆನ್ನೆ ರಾತ್ರಿಯಿಂದ ಈ ಮನೆಯಲ್ಲಿ ಚಪಾತಿ ಲಟ್ಟಿಸಿಲ್ಲ, ಗಾಳಿಗೆ ಎದ್ದ ಹಿಟ್ಟು ಕೂರುವುದಕ್ಕೆ ಗಂಟೆಗಟ್ಟಲೆ ಬೇಕು. ಕಟ್ಟೆಯನ್ನು ಸೋಪಿನ ನೀರಲ್ಲಿ ಒರೆಸಿದ್ದೀರಿ. ಮರದ ಸೌಟು ಒಳಗೆ ಹೋಗಿದೆ, ಸ್ಟೀಲಿನದು ಹೊರಗೆ ಬಂದಿದೆ. ಜರಡಿ ಹೊಸದು. ಹಳೆಯದನ್ನು ಎಷ್ಟು ಉಜ್ಜಿದರೂ ಬಲೆಯ ಸಂದಿಯಲ್ಲಿ ಮೈದಾ ಕಂತಿರುತ್ತದೆ. ಅಮ್ಮ ಹಾಲಿನ ಪಾತ್ರೆ ಇಟ್ಟು ಗ್ಯಾಸ್ ಹಚ್ಚಲು ಬರುತ್ತಾರೆ. “ಜರಡಿ ಆಗ್ಲಿ ಅಮ್ಮ, ಆಮೇಲೆ ಕಾಯಿಸು.” ಗಾಳಿಯಲ್ಲಿ ದಟ್ಟವಾಗಿ ಹಾರುವ ಕಾರ್ನ್‌ಫ್ಲೋರಿಗೆ ಬೆಂಕಿ ತಾಗಿದರೆ ಭಗ್ಗೆನ್ನುತ್ತದೆ. 2015ರ ಜೂನಿನಲ್ಲಿ ತೈವಾನಿನ ವಾಟರ್ ಪಾರ್ಕೊಂದರಲ್ಲಿ ಬಣ್ಣ ಹಾಕಿದ ಕಾರ್ನ್‌ಫ್ಲೋರ್ ಎರಚಾಡುವಾಗ ಹೊತ್ತಿಕೊಂಡು 15 ಜನ ಸತ್ತರು. ನಿಮ್ಮ ಜರಡಿಯಿಂದ ಅಷ್ಟೆಲ್ಲ ಆಗಲಿಕ್ಕಿಲ್ಲ. ಆದರೂ ಹಾಲು ಕಾಯಬಹುದು.

ಅಕ್ಕಿಹಿಟ್ಟು 140 ಗ್ರಾಂ, ಕಾರ್ನ್‌ಫ್ಲೋರ್ 60. ಕಾರ್ನ್‌ಫ್ಲೋರ್ ಒಂದನ್ನೇ ಹಾಕಿದರೆ ಕೇಕು ಬಾಯಲ್ಲಿ ಸುಣ್ಣದ ಪುಡಿಯಾಗುತ್ತದೆ. ಅಕ್ಕಿ ಒಂದೇ ಆದರೆ ತರಿತರಿ. ಮೈದಾದಲ್ಲಿ ಗ್ಲುಟೆನ್ ಮಾಡುತ್ತಿದ್ದ ಹಿಡಿದಿಡುವ ಕೆಲಸಕ್ಕೆ ಒಂದು ಚಮಚ ಇಸಬ್ಗೋಲ್. ಬೆಣ್ಣೆ, ಸಕ್ಕರೆ, ನಾಲ್ಕು ಮೊಟ್ಟೆ, ವೆನಿಲ್ಲಾ. ಸೌಟು ತಿರುಗಿಸುವಾಗ ಮೊದಲು ನೀರುನೀರು, ಆಮೇಲೆ ನಿಧಾನಕ್ಕೆ ತೋಳಿಗೆ ಭಾರ ಸಿಗುತ್ತದೆ. ಅಂಚಿಗೆ ಮೆತ್ತಿದ್ದನ್ನು ನೆಕ್ಕಲು ಬೆರಳು ತಾನಾಗಿ ಮೇಲೇಳುತ್ತದೆ. ತಡೆಯಿರಿ. ಹಸಿ ಹಿಟ್ಟಿನಲ್ಲಿ, ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು. ಇಸಬ್ಗೋಲ್ ನೀರು ಹೀರಲಿ ಎಂದು ಇಪ್ಪತ್ತು ನಿಮಿಷ ಮುಚ್ಚಿಟ್ಟು, ಓಟಿಜಿಯನ್ನು 180ಕ್ಕೆ ತಿರುಗಿಸಿ, ಮುಖ ತೊಳೆದು ಬರುತ್ತೀರಿ.

ಟಿನ್ನು ಕಟ್ಟೆಯ ಮೇಲೆ ಸಿದ್ಧವಾಗಿದೆ. ಅಮ್ಮನೇ ಬೆಣ್ಣೆ ಸವರಿಟ್ಟಿದ್ದಾರೆ. ನೀವು ಬ್ಯಾಟರ್ ಸುರಿಯುತ್ತೀರಿ. ಅದು ಅಗಲವಾದ ಪಟ್ಟಿಯಾಗಿ ಇಳಿಯುತ್ತದೆ, ಮಡಚಿಕೊಳ್ಳುತ್ತದೆ, ಅಂಚಿಗೆ ಹರಡುತ್ತದೆ. ಬಟ್ಟಲು ಬಳಿದು ಖಾಲಿ ಮಾಡುವಾಗ ಕಣ್ಣು ಟಿನ್ನಿನ ಒಳಗೋಡೆಯ ಮೇಲೆ ಬೀಳುತ್ತದೆ. ಬಿಳಿ. ತೆಳ್ಳಗೆ, ಸಮವಾಗಿ, ಒಂದು ಪದರ ಬಿಳಿ.

ಕೈ ನಿಲ್ಲುತ್ತದೆ. ಕಾರ್ನ್‌ಫ್ಲೋರ್ ಪ್ಯಾಕೆಟ್? ಕ್ಲಿಪ್ಪು ಹಾಕಿದ್ದು ಹಾಗೇ ಇದೆ. ಅಕ್ಕಿಹಿಟ್ಟು? ಮುಚ್ಚಿದೆ. ಕಪಾಟು ತೆಗೆಯುತ್ತೀರಿ. ಮೈದಾ ಡಬ್ಬದ ಮುಚ್ಚಳ ಓರೆಯಾಗಿದೆ. ಅಂಚಿನಲ್ಲಿ ಮೂರು ಬೆರಳಿನ ಗುರುತು.

“ಅಮ್ಮ, ಟಿನ್ನಿಗೆ ಏನು ಉದುರಿಸಿದೆ?”

“ಇನ್ನೇನು, ಒಂದು ಚಿಟಿಕೆ ಮೈದಾ. ಇಲ್ದಿದ್ರೆ ಅಂಟ್ಕೊಳ್ಳುತ್ತಲ್ಲ.” ಹೇಳುತ್ತಿರುವಾಗಲೇ ಅವರಿಗೂ ಗೊತ್ತಾಗುತ್ತದೆ. ದನಿ ಅರ್ಧಕ್ಕೇ ಇಳಿಯುತ್ತದೆ. “ಅಷ್ಟಕ್ಕೆ ಏನಾಗುತ್ತೆ? ಅಷ್ಟು ಬಿಸೀಲಿ ಬೇಯುತ್ತೆ, ಏನಿದ್ರೂ ಸುಟ್ಟುಹೋಗುತ್ತೆ.”

ಹೋಗುವುದಿಲ್ಲ. ಗ್ಲುಟೆನ್ ಬದುಕಿರುವ ಕ್ರಿಮಿಯಲ್ಲ, ಬೇಯಿಸಿದರೆ ಸಾಯಲು.

ಗಂಟೆ ನಾಲ್ಕೂಕಾಲು. ಏಳಕ್ಕೆ ಕೇಕಿನೊಂದಿಗೆ ಆರ್.ಟಿ. ನಗರದ ಅಣ್ಣನ ಮನೆಯಲ್ಲಿರಬೇಕು. ಎದೆ ಹೊಡೆದುಕೊಳ್ಳುವುದು ಕಿವಿಗೇ ಕೇಳುತ್ತಿದೆ. ಲೆಕ್ಕ ಹಾಕುತ್ತೀರಿ. ಮೈದಾ ಎರಡು ಗ್ರಾಂ ಇರಬಹುದು, ಗ್ಲುಟೆನ್ ಸುಮಾರು ಇನ್ನೂರು ಮಿಲಿಗ್ರಾಂ. ಎಂಟು ಹೋಳಿಗೆ ಹಂಚಿದರೆ ಒಂದರಲ್ಲಿ ಇಪ್ಪತ್ತೈದು. ದಿನಕ್ಕೆ 50 ಮಿಲಿಗ್ರಾಂ ಮೂರು ತಿಂಗಳು ಹೊಟ್ಟೆಗೆ ಹೋದರೆ ಕರುಳು ಹಾಳಾಗುತ್ತದೆ ಎಂದು 2007ರಲ್ಲಿ ಇಟಲಿಯ ಕಾರ್ಲೊ ಕತಾಸಿಯವರ ತಂಡ ತೋರಿಸಿತ್ತು. ಇದು ಅದರಲ್ಲಿ ಅರ್ಧ. ಅದೂ ಒಂದೇ ದಿನ. ನೋಡಿ, ಲೆಕ್ಕ ಎಷ್ಟು ಬೇಗ ನಿಮ್ಮ ಪರವಾಗಿ ವಾದಕ್ಕೆ ನಿಂತಿತು! ಆದರೆ ಅವಳು ಒಂದೇ ಹೋಳಿಗೆ ನಿಲ್ಲುವ ಹುಡುಗಿಯಲ್ಲ. ಉಳಿದದ್ದು ನಾಳೆ ಡಬ್ಬಿಗೆ. ಮೈದಾ ಇರುವುದು ಅವಳು ಮೊದಲು ಮುರಿದು ತಿನ್ನುವ ಅಂಚಿನಲ್ಲೇ. ಕೆಜಿಗೆ ಇಟ್ಟು ನೋಡಿದರೆ ಇದು ಕಾನೂನಿನ ಮಿತಿಯ ಹತ್ತು ಪಟ್ಟಿಗೂ ಮೀರಿದ್ದು. ಅದಕ್ಕಿಂತ ಹೆಚ್ಚಾಗಿ, ಹೋದ ಸಲ ಯಾರದೋ ಮನೆಯ ಉಪ್ಪಿಟ್ಟಿನ ಸೌಟು ಅವಳ ಅನ್ನಕ್ಕೆ ತಾಗಿದ ರಾತ್ರಿ ನಿಮ್ಮ ನೆನಪಿನಲ್ಲಿದೆ. ಬಚ್ಚಲಿನ ಮುಂದೆ ಮಂಡಿಯೂರಿ ಕೂತವಳ ಬೆನ್ನು ಸವರುವಾಗ ನಿಮ್ಮ ಅಂಗೈಗೆ ಸಿಕ್ಕ ಮೂಳೆಗಳು.

ಟಿನ್ನನ್ನು ಎತ್ತಿ ಫ್ರಿಜ್ಜಿನಲ್ಲಿಡುತ್ತೀರಿ. “ನಾಳೆ ನಮಗೇ ಆಗುತ್ತೆ ಬಿಡಮ್ಮ.” ಅಮ್ಮ ಮಾತಾಡುವುದಿಲ್ಲ. ಸೆರಗಿನಲ್ಲಿ ಬೆರಳು ಒರೆಸಿಕೊಳ್ಳುತ್ತಲೇ ಇದ್ದಾರೆ. ನಲವತ್ತು ವರ್ಷ ಟಿನ್ನಿಗೆ ಹಿಟ್ಟು ಉದುರಿಸಿದ ಬೆರಳು. ಸಿಟ್ಟು ಮಾಡಲು ಸಮಯವೂ ಇಲ್ಲ, ಮನಸ್ಸೂ ಬರುತ್ತಿಲ್ಲ. “ಕೈ ಸೋಪು ಹಾಕಿ ತೊಳ್ಕೋ, ಸೀರೆ ಬದಲಾಯಿಸ್ಕೊಂಡು ಬಾ. ಮೊಟ್ಟೆ ಒಡೆಯೋದಕ್ಕೆ ನೀನೇ ಬೇಕು.”

ಮತ್ತೆ ಕಟ್ಟೆ, ಮತ್ತೆ ಸೋಪು, ನಿಮಗೂ ಬೇರೆ ಬಟ್ಟೆ. ಕಾರ್ನ್‌ಫ್ಲೋರ್ ಉಳಿದಿರುವುದು 40 ಗ್ರಾಂ, ಮೊಟ್ಟೆ ಮೂರು. ಅಕ್ಕಿಹಿಟ್ಟು 95ಕ್ಕೆ ಇಳಿಯುತ್ತದೆ. ಟಿನ್ನಿನ ಸಹವಾಸವೇ ಬೇಡ, ಕಾಗದದ ಕಪ್ಪುಗಳು. ಓಟಿಜಿಯ ಟ್ರೇಯಲ್ಲಿ ಹಳೇ ಬ್ರೆಡ್ಡಿನ ಚೂರುಗಳಿವೆ. ಅದನ್ನು ಪೂರ್ತಿ ತೆಗೆದು, ಉಜ್ಜಿ, ಹೊಸ ಫಾಯಿಲ್ ಹಾಸಿ, ಕಪ್ಪುಗಳನ್ನು ಜೋಡಿಸಿ ಬಾಗಿಲು ಮುಚ್ಚುತ್ತೀರಿ. ಕಿತ್ತಳೆ ಬಣ್ಣದ ಕಂಬಿಗಳ ಬೆಳಕು ಅಮ್ಮನ ಮುಖಕ್ಕೆ ಬಡಿಯುತ್ತದೆ.

“ಜೋಳ ಆಗುತ್ತೆ, ಗೋಧಿ ಆಗಲ್ಲ ಅಂತ ಮೊದಲು ಯಾರು ಕಂಡುಹಿಡಿದ್ರೋ” ಎನ್ನುತ್ತಾರೆ ಅಮ್ಮ, ಯಾರಿಗೂ ಅಲ್ಲದ ಹಾಗೆ. ವಿಲೆಮ್ ಡಿಕೆ ಎಂಬ ಡಚ್ ಮಕ್ಕಳ ಡಾಕ್ಟರು. ಅವರಿಗೆ ಬ್ರೆಡ್ಡಿನ ಮೇಲೆ ಮೊದಲೇ ಅನುಮಾನವಿತ್ತು. 1944-45ರ ಯುದ್ಧದ ಚಳಿಗಾಲದಲ್ಲಿ ನೆದರ್‌ಲ್ಯಾಂಡಿನಲ್ಲಿ ಬ್ರೆಡ್ಡೇ ಸಿಗದೆ ಊರೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ಡು ವಾಪಸ್ ಬಂದಾಗ ಮತ್ತೆ ಮಲಗಿದರು. 1950ರಲ್ಲಿ ಅವರ ಪ್ರಬಂಧ ಬಂತು. ಅವರೂ ಜೊತೆಗಾರರೂ ಒಂದೊಂದೇ ಹಿಟ್ಟು ಕೊಟ್ಟು ನೋಡಿದಾಗ ಗೋಧಿ ಸಿಕ್ಕಿಬಿತ್ತು, ಅಕ್ಕಿ ಮತ್ತು ಮುಸುಕಿನ ಜೋಳ ಖುಲಾಸೆಯಾದವು. ಅಮ್ಮ ಕಪ್ಪುಗಳನ್ನೇ ನೋಡುತ್ತಾ ಕೇಳಿಸಿಕೊಳ್ಳುತ್ತಾರೆ. “ಹಸಿವಿನಲ್ಲಿ ಗೊತ್ತಾಯ್ತು ಅನ್ನು” ಎನ್ನುತ್ತಾರೆ.

ಇಪ್ಪತ್ತನೇ ನಿಮಿಷಕ್ಕೆ ವೆನಿಲ್ಲಾ ಹಾಲಿನವರೆಗೂ ಹಬ್ಬಿದೆ. ಕಡ್ಡಿ ಚುಚ್ಚಿದರೆ ಒಣಗಿ ಬರುತ್ತದೆ. ಈಗಲೇ ಒಂದನ್ನು ಮುರಿಯಬೇಕು ಅನ್ನಿಸುತ್ತದೆ. ಬೇಡ. ಬಿಸಿಯಲ್ಲಿ ಪಿಷ್ಟ ಇನ್ನೂ ಗಟ್ಟಿಯಾಗಿರುವುದಿಲ್ಲ, ಒಳಗೆ ಅಂಟಂಟಾಗಿ ಸಿಗುತ್ತದೆ. ಆರಲು ಬಿಟ್ಟು, ಹೊಸ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಟೇಪು ಸುತ್ತಿ ಅಮ್ಮನ ಜೊತೆ ಆಟೋ ಹತ್ತುತ್ತೀರಿ. ಮೇಖ್ರಿ ಸರ್ಕಲ್ಲಿನಲ್ಲಿ ಎಂದಿನ ಹಾಗೆ ಅರ್ಧ ಆಯುಷ್ಯ ಕಳೆಯುತ್ತದೆ.

ಅಣ್ಣನ ಮನೆಯಲ್ಲಿ ಮಕ್ಕಳ ಗದ್ದಲ, ಪಫ್ಸಿನ ವಾಸನೆ, ಎಲ್ಲೆಲ್ಲೂ ಪದರಪದರ ಉದುರಿದ ಚೂರು. ನೆಂಟರಿಗೆಂದು ಬೇಕರಿಯ ದೊಡ್ಡ ಕೇಕು ಮೇಜಿನ ನಡುವೆ ಕೂತಿದೆ. ಅತ್ತಿಗೆ ನಿಮ್ಮನ್ನು ಬಾಗಿಲಲ್ಲೇ ಹಿಡಿಯುತ್ತಾರೆ. “ಜರಡಿ?” “ಹೊಸದು.” “ಟಿನ್ನು?” ಅಮ್ಮ ಬಾಯಿ ತೆರೆಯುವ ಮೊದಲೇ ನೀವು ನಡೆದದ್ದನ್ನೆಲ್ಲ ಹೇಳಿಬಿಡುತ್ತೀರಿ. ಅತ್ತಿಗೆ ಅಮ್ಮನ ಭುಜ ಒತ್ತಿ, “ನಮ್ಮಮ್ಮ ಎರಡು ಸಲ ಹಾಗೇ ಮಾಡಿದಾರೆ ಅತ್ತೆ” ಎಂದು ಡಬ್ಬಿಯನ್ನು ಒಳಕೋಣೆಗೆ ಒಯ್ಯುತ್ತಾರೆ. ಬೇರೆ ತಟ್ಟೆ, ಬೇರೆ ಮೇಜು.

ಹುಡುಗಿ ಒಂದು ಕಪ್ಪಿನ ಕಾಗದ ಬಿಡಿಸಿ ಕಚ್ಚುತ್ತಾಳೆ. ಮೂರು ಜನ ಉಸಿರು ಹಿಡಿದು ನಿಂತಿದ್ದೀರಿ. “ಸ್ವಲ್ಪ ಪುಡಿಪುಡಿ ಅತ್ತೆ” ಎಂದು ತೀರ್ಪು ಕೊಟ್ಟು ಎರಡನೆಯದನ್ನು ಎತ್ತಿಕೊಳ್ಳುತ್ತಾಳೆ. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗ ಒಳಗೆ ಓಡಿ ಬಂದು, ಪಫ್ಸಿನ ಎಣ್ಣೆ ಮೆತ್ತಿದ ಕೈಯನ್ನು ಅವಳ ತಟ್ಟೆಗೆ ಚಾಚುತ್ತಾನೆ. ನೀವು ಹಾರುವ ಮೊದಲೇ ಅವಳು ತಟ್ಟೆಯನ್ನು ತಲೆಯ ಮೇಲಕ್ಕೆ ಎತ್ತಿಹಿಡಿದಾಗಿದೆ.

“ಏಯ್, ಕೈ ತೊಳ್ಕೊಂಡು ಬಾ. ಸೋಪು ಹಾಕಿ! ಆಮೇಲೆ ಕೊಡ್ತೀನಿ.”