ಮನೆಯೊಳಗಣ ಮಾರ್ದನಿ

ಹಾಡು ಕೇಳುವ ಯಂತ್ರವನ್ನು ಆರಿಸುವುದರಲ್ಲಿ ನಮ್ಮವರು ತೋರುವ ಆಸ್ಥೆಯಲ್ಲಿ ಕಾಲುಪಾಲನ್ನಾದರೂ ಅದನ್ನಿರಿಸುವ ಕೋಣೆಯ ವಿಷಯದಲ್ಲಿ ತೋರುವುದಿಲ್ಲ. ಧ್ವನಿಯು ಕಿವಿಯನ್ನು ಮುಟ್ಟುವ ಮುನ್ನ ಗೋಡೆಗಳು ಅದನ್ನೇನು ಮಾಡುವುವೆಂಬುದನ್ನು ವಾಚಕರು ತುಸು ವಿಚಾರಿಸಬೇಕು.

ನಮ್ಮ ತಾಯಿಯವರಿಗೆ ಎಂಬತ್ತು ದಾಟಿದೆ. ಬಸವಕಲ್ಯಾಣದ ಹಳೆಯ ಮನೆಯಲ್ಲಿ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನದ ಒಂದೊಂದು ಮಾತೂ ಅವರಿಗೆ ತಿಳಿಯುತ್ತಿತ್ತು. ಹುಮನಾಬಾದಿನ ಹೊಸ ಮನೆಗೆ ಬಂದ ಬಳಿಕ, “ರಾಗ ಕೇಳಸ್ತದ, ಮಾತು ಕೇಳಸೂದಿಲ್ಲ” ಎನ್ನಹತ್ತಿದರು. ವಚನದಲ್ಲಿ ಮಾತೇ ಹೋದರೆ ಉಳಿಯುವುದೇನು? ಯಂತ್ರದ ಧ್ವನಿಯನ್ನು ಏರಿಸಿದಷ್ಟೂ ಮಾತು ಕಲಸಿಹೋಗುತ್ತಿತ್ತು.

ಕಾರಣವು ಗೂಢವಾದುದಲ್ಲ. ಹಳೆಯ ಮನೆಗೆ ಮಣ್ಣು ಮೆತ್ತಿದ ಗೋಡೆ, ಜಂತಿಯ ಮಾಳಿಗೆ, ಮೂಲೆಯಲ್ಲಿ ಜೋಳದ ಚೀಲಗಳು, ಒಂದು ಮಗ್ಗುಲಿಗೆ ತೆರೆದ ಅಂಗಳ. ಅಂಗಳಕ್ಕೆ ಹೋದ ಧ್ವನಿ ಮರಳಿ ಬಾರದು. ಚೀಲಗಳು ತಮ್ಮ ಪಾಲನ್ನು ನುಂಗುವುವು. ಹೊಸ ಮನೆಗೋ ಶಹಾಬಾದದ ಫರಸಿ, ಸಿಮೆಂಟಿನ ಗೋಡೆ, ಸಪಾಟಾದ ಕಾಂಕ್ರೀಟು. ಧ್ವನಿಯು ಸೆಕೆಂಡಿಗೆ ಸುಮಾರು ೩೪೦ ಮೀಟರು ಓಡುವುದು. ೧೨ ಅಡಿ ಅಗಲದ ಕೋಣೆಯಲ್ಲಿ ಅತ್ತಿತ್ತ ಸೇರಿ ಸೆಕೆಂಡಿಗೆ ೯೦ ಸಲ ಗೋಡೆಗೆ ಬಡಿಯುವುದು. ಹಿಂದಿನ ಅಕ್ಷರವು ಅಡಗುವ ಮುನ್ನವೇ ಮುಂದಿನದು ಬಂದು ಅದರ ಮೇಲೆ ಬೀಳುವುದು. ಎಳೆಯ ಕಿವಿ ಇದನ್ನು ಬಿಡಿಸಿಕೊಳ್ಳಬಲ್ಲುದು, ಮುದಿಗಿವಿ ಬಿಡಿಸಿಕೊಳ್ಳಲಾರದು. ವಿಜಾಪುರದ ಗೋಳಗುಮ್ಮಟದಲ್ಲಿ ಮಾರ್ದನಿಯು ಬೆರಗು. ಮನೆಯಲ್ಲಿ ಅದು ಉಪದ್ರವ.

೧೮೯೫ರಲ್ಲಿ ಅಮೇರಿಕೆಯ ಹಾರ್ವರ್ಡ್ ವಿದ್ಯಾಪೀಠದ ಉಪನ್ಯಾಸಮಂದಿರವೊಂದರಲ್ಲಿ ಆಡಿದ ಮಾತು ಐದೂವರೆ ಸೆಕೆಂಡುಗಳವರೆಗೆ ಗುಂಯ್‌ಗುಡುತ್ತಿತ್ತು. ಅದನ್ನು ಸರಿಪಡಿಸಲು ನೇಮಿಸಲ್ಪಟ್ಟ ವಾಲೇಸ್ ಸೇಬಿನ್ ಎಂಬ ತರುಣ ಅಧ್ಯಾಪಕರು ನೆರೆಯ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಇಷ್ಟು ಮೆತ್ತೆಗೆ ಇಷ್ಟು ಮಾರ್ದನಿ ತಗ್ಗುವುದೆಂದು ಅಳೆದರು. ಮೆತ್ತೆಗೆ ನಮ್ಮ ಕೌದಿಯೇನು ಕಡಿಮೆ?

ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿರಿ. ಝಣಝಣವೆಂದು ಬಾಲ ಉಳಿದರೆ ಎದುರುಬದುರಿನ ಗೋಡೆಗಳು ಬರಿದಾಗಿವೆಯೆಂದು ತಿಳಿಯತಕ್ಕದ್ದು. ಕೇಳುವವರು ತಮ್ಮ ಸ್ಥಳದಲ್ಲಿ ಕುಳಿತಿರಲಿ. ಇನ್ನೊಬ್ಬರು ಮಗ್ಗುಲಿನ ಗೋಡೆಗುಂಟ ಕನ್ನಡಿಯನ್ನು ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ಧ್ವನಿಪೆಟ್ಟಿಗೆಯು ಎಲ್ಲಿ ಕಾಣುವುದೋ ಅಲ್ಲಿಯೇ ಕೌದಿಯನ್ನು ತೂಗಹಾಕಬೇಕು. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಬಿಟ್ಟು ತೂಗಿದರೆ ತುಸು ತಗ್ಗಿನ ಸ್ವರಗಳೂ ಹೀರಲ್ಪಡುವುವು. ಪೆಟ್ಟಿಗೆಯನ್ನು ಮೂಲೆಯಿಂದ ಈಚೆಗೆ ತಂದರೆ ಗುಮ್ಮೆನ್ನುವ ಮಂದ್ರವು ಹದಕ್ಕೆ ಬರುವುದು. ನಾಲ್ಕು ಕೌದಿ, ನೆಲಕ್ಕೊಂದು ಕಂಬಳಿ, ಮೂಲೆಯಲ್ಲಿ ನಿಲ್ಲಿಸಿದ ಅರಳೆಯ ಗಾದಿ: ಇಷ್ಟರಿಂದಲೇ ತಾಯಿಯವರು ಗಾಯಕರೊಡನೆ ತಾವೂ ವಚನವನ್ನು ಹೇಳತೊಡಗಿದರು!

ಹಾಗೆಂದು ಕೋಣೆಯನ್ನೆಲ್ಲ ಅರಿವೆಯಿಂದ ಮುಚ್ಚುವುದು ನಮಗೆ ಸಮ್ಮತವಲ್ಲ. ತೆಳುವಾದ ಅರಿವೆಯು ತಾರವನ್ನು ಮಾತ್ರ ನುಂಗಿ ಮಂದ್ರವನ್ನು ಬಿಟ್ಟುಬಿಡುವುದು. ತಂಬೂರಿಯ ಜೀವವೇ ಹೋದಂತಾಗುವುದು. ಮಾಣಿಕನಗರದ ಸಂಗೀತ ದರಬಾರಿನಂಥಲ್ಲಿ ಒತ್ತಾಗಿ ಕುಳಿತ ಜನರ ಮೈಯರಿವೆಗಳೇ ಈ ಕೆಲಸವನ್ನು ಹದವಾಗಿ ಮಾಡುವುವು. ಮನೆಯಲ್ಲಿ ಒಂದೆರಡು ಕೌದಿಗಳನ್ನು ತೂಗಿ, ಕೇಳಿ, ಬಳಿಕ ಮತ್ತೊಂದನ್ನು ಸೇರಿಸುವುದು ಮೇಲು. ತೂಗಿದ ಕೌದಿಗಳನ್ನು ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ಝಾಡಿಸಬೇಕು. ಅವುಗಳಲ್ಲಿ ಧೂಳು ಬಹಳ ನಿಲ್ಲುವುದು.