ಯಾವ ಗಿಟಾರ್‌ಗೆ ಅಂತ ಬರೆದಿರಲಿಲ್ಲ

ಕಳೆದ ವರ್ಷ ದಸರಾ ರಜೆಯಲ್ಲಿ ಚಿಕ್ಕಮ್ಮನ ಮಗ ಫೋನ್ ಮಾಡಿದ. "ಅಣ್ಣಾ, ಗಿಟಾರ್‌ಗೆ ಹೊಟ್ಟೆ ಊದಿಕೊಂಡಿದೆ" ಅಂದ. ನನಗೆ ನಗು ಬಂತು. ಫೋಟೊ ಕಳಿಸಿದ ಮೇಲೆ ನಗು ನಿಂತುಹೋಯಿತು. ತಂತಿಗಳನ್ನು ಹಿಡಿದುಕೊಳ್ಳುವ ಮರದ ಪಟ್ಟಿ, ಅಂದರೆ ಬ್ರಿಡ್ಜ್, ಹಿಂದಿನಿಂದ ಕಿತ್ತು ಮೇಲೆದ್ದಿತ್ತು. ಅದರ ಕೆಳಗಿನ ಹಲಗೆ ಉಬ್ಬಿತ್ತು. ಅದು ಅವನ ಗಿಟಾರೂ ಅಲ್ಲ. ಚಿಕ್ಕಪ್ಪ ತಮ್ಮ ಮೊದಲ ಸಂಬಳದಲ್ಲಿ ಕೊಂಡಿದ್ದು.

"ಅದಕ್ಕೆ ಸ್ಟೀಲ್ ತಂತಿ ಯಾಕೋ ಹಾಕಿದೆ?" ಅಂತ ಕೇಳಿದೆ.

"ನಿನ್ನ ಲಿಸ್ಟ್‌ನಲ್ಲೇ ಇತ್ತಲ್ಲ ಅಣ್ಣಾ."

ಆ ಲಿಸ್ಟ್ ಶುರುವಾಗಿದ್ದು 2019ರಲ್ಲಿ. ನಾನು ಗಿಟಾರ್ ಕಲಿಯೋಕೆ ಹೋಗಿ, ಬೇಡದ್ದನ್ನೆಲ್ಲ ಕೊಂಡು ದುಡ್ಡು ಕಳೆದುಕೊಂಡಿದ್ದೆ. ಆಫೀಸಿನ ಗೆಳೆಯರಿಗೆ ಹಾಗಾಗದಿರಲಿ ಅಂತ ಒಂದು ಶೀಟ್ ಮಾಡಿದೆ. ಹೊಸಬರಿಗೆ ಯಾವ ತಂತಿ, ಯಾವ ಕೇಪೋ, ಯಾವ ಟ್ಯೂನರ್, ಪೆಡಲ್‌ಗೆ ಯಾವ ಅಡಾಪ್ಟರ್ ಅಂತೆಲ್ಲ ಬರೆದಿಟ್ಟೆ. ಅದು ವಾಟ್ಸ್‌ಆಪ್‌ನಲ್ಲಿ ಕೈಯಿಂದ ಕೈಗೆ ಹೋಗಿ, ನನಗೆ ಗೊತ್ತೇ ಇಲ್ಲದವರೂ ಅದನ್ನು ನೋಡಿ ಸಾಮಾನು ತರಿಸುವಂತಾಯಿತು. ತಂತಿಯ ಸಾಲಿನಲ್ಲಿ ನಾನು ಬರೆದಿದ್ದು ಇಷ್ಟೇ: "ಸ್ಟೀಲ್, 12 ಗೇಜ್. ಕಣ್ಮುಚ್ಚಿ ತಗೊಳ್ಳಿ." ನನ್ನ ಗಿಟಾರ್‌ಗೆ ಅದು ಸರಿಯಾಗಿಯೇ ಇತ್ತು. ಎಲ್ಲರ ಹತ್ತಿರವೂ ನನ್ನಂಥದ್ದೇ ಗಿಟಾರ್ ಇರುತ್ತೆ ಅಂದುಕೊಂಡಿದ್ದೆ.

ಚಿಕ್ಕಪ್ಪನದು ಕ್ಲಾಸಿಕಲ್ ಗಿಟಾರ್, ನೈಲಾನ್ ತಂತಿಯದು. ಆರು ನೈಲಾನ್ ತಂತಿಗಳನ್ನು ಶ್ರುತಿಗೆ ತಂದಾಗ ಒಟ್ಟು ಎಳೆತ ಸುಮಾರು 40 ಕೆ.ಜಿ. 12 ಗೇಜಿನ ಸ್ಟೀಲ್ ಸೆಟ್ಟಿನದು 70 ಕೆ.ಜಿ.ಗೂ ಹೆಚ್ಚು. ಕ್ಲಾಸಿಕಲ್ ಗಿಟಾರಿನ ಹಲಗೆಯನ್ನು, ಅದರೊಳಗಿನ ತೆಳು ಪಟ್ಟಿಗಳನ್ನು ಅಷ್ಟು ಭಾರ ತಡೆಯೋ ಹಾಗೆ ಮಾಡಿರುವುದಿಲ್ಲ. ಹೆಚ್ಚಿನವುಗಳ ಕುತ್ತಿಗೆಯಲ್ಲಿ ಉಕ್ಕಿನ ಸರಳೂ ಇರುವುದಿಲ್ಲ. ನೈಲಾನ್ ತಂತಿಯನ್ನು ಬ್ರಿಡ್ಜಿಗೆ ಗಂಟು ಹಾಕಿ ಕಟ್ಟಬೇಕು. ಸ್ಟೀಲ್ ತಂತಿಯ ತುದಿಯಲ್ಲಿ ಪುಟ್ಟ ಗುಂಡು ಇರುತ್ತೆ. ಹುಡುಗ ಜಾಣ, ಗುಂಡು ಹಿಂದೆ ಸಿಕ್ಕಿಕೊಳ್ಳುವ ಹಾಗೆ ತೂತಿನಲ್ಲಿ ತೂರಿಸಿ ಬಿಗಿದಿದ್ದ. ಎರಡು ವಾರ ಚೆನ್ನಾಗಿ ಸೌಂಡೂ ಬಂದಿತ್ತಂತೆ.

ಊರಿಗೆ ಹೋಗಿ ಗಿಟಾರನ್ನು ಬೆಂಗಳೂರಿಗೆ ತಂದೆ. ರಿಪೇರಿ ಮಾಡುವವರು ಹಲಗೆ ಮೇಲೆ ಬೆರಳಾಡಿಸಿ, "ಬ್ರಿಡ್ಜ್ ಅಂಟಿಸ್ಬಹುದು ಸರ್. ಉಬ್ಬು ಪೂರ್ತಿ ಇಳಿಯಲ್ಲ" ಅಂದರು. ನಾನು ಲಿಸ್ಟಿನ ಕಥೆ ಹೇಳಿದೆ. ಅವರು ಬೈಯಲಿಲ್ಲ. "ಬರ್ದಿದ್ದು ಸುಳ್ಳೇನಲ್ಲ ಸರ್. ಯಾವ ಗಿಟಾರ್‌ಗೆ ಅಂತ ಬರ್ದಿಲ್ಲ, ಅಷ್ಟೆ" ಅಂದರು.

ಅವತ್ತು ರಾತ್ರಿ ಶೀಟ್ ತೆರೆದೆ. ಸಾಲನ್ನು ಸದ್ದಿಲ್ಲದೆ ಸರಿಮಾಡಿ ಮುಚ್ಚಿಬಿಡೋಣ ಅನ್ನಿಸಿತು, ಸುಳ್ಳು ಹೇಳಲ್ಲ. ಆದರೆ ಹಳೇ ಸಾಲನ್ನು ಓದಿದವರಿಗೆ ಅದು ಬದಲಾಗಿದೆ ಅಂತ ಗೊತ್ತಾಗೋದು ಹೇಗೆ? ಆಫೀಸಿನಲ್ಲಿ ಕೋಡ್ ತಿದ್ದಿದರೆ ಏನು ತಿದ್ದಿದೆ, ಯಾಕೆ ತಿದ್ದಿದೆ ಅಂತ ಒಂದು ಸಾಲು ಬರೆಯದೆ ಮುಂದೆ ಹೋಗುವ ಹಾಗಿಲ್ಲ. ಇಲ್ಲಿ ಮಾತ್ರ ಐದು ವರ್ಷ ನಾನೊಬ್ಬನೇ ಬರೆದು ನಾನೇ ಪಾಸು ಮಾಡಿಕೊಂಡಿದ್ದೆ. ಹಳೇ ಸಾಲಿಗೆ ಗೆರೆ ಎಳೆದು, ಕೆಳಗೆ ನಡೆದದ್ದನ್ನು ಬರೆದೆ. ಗೊತ್ತಿದ್ದವರಿಗೆಲ್ಲ ಮತ್ತೆ ಕಳಿಸಿ, "ತಪ್ಪಿದ್ದರೆ ಹೇಳಿ" ಅಂತ ಕೇಳಿಕೊಂಡೆ.

ಮೊದಲು ಹೇಳಿದ್ದು ನಮ್ಮದೇ ಟೀಮಿನ ಟೆಸ್ಟರ್. ಪೆಡಲ್‌ಗೆ "9 ವೋಲ್ಟ್ ಅಡಾಪ್ಟರ್" ಅಂತಷ್ಟೇ ಬರೆದಿದ್ದೆ. "ಎಸ್.ಪಿ. ರೋಡಿಗೆ ಹೋಗಿ 9 ವೋಲ್ಟ್ ಅಂದ್ರೆ ಯಾವುದೋ ಒಂದು ಕೊಡ್ತಾರೆ. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ?" ಅಂತ ಕೇಳಿದರು. ಬಾಸ್ ಸೇರಿದಂತೆ ಹೆಚ್ಚಿನ ಪೆಡಲ್‌ಗಳಿಗೆ ನಡುವೆ ಮೈನಸ್ ಇರಬೇಕು. ಅಂಗಡಿಯ ಸಾಮಾನ್ಯ ಅಡಾಪ್ಟರ್‌ಗಳಲ್ಲಿ ಬಹುಪಾಲು ನಡುವೆ ಪ್ಲಸ್. ತಿರುಗುಮುರುಗಾದರೆ ಪೆಡಲ್ ಸುಟ್ಟೇ ಹೋಗಬಹುದು. "ಯಾವಾಗಲೂ ನಡುವೆ ಮೈನಸ್" ಅಂತ ತಿದ್ದಿದೆ. ವಾರದೊಳಗೆ ಇನ್ನೊಬ್ಬರು ಆ "ಯಾವಾಗಲೂ"ವನ್ನೇ ಹಿಡಿದರು. ಹಳೇ ಜರ್ಮೇನಿಯಂ ಟ್ರಾನ್ಸಿಸ್ಟರಿನ ಕೆಲವು ಫಝ್ ಪೆಡಲ್‌ಗಳ ಲೆಕ್ಕವೇ ಉಲ್ಟಾ. ಸರಿ, ಅದೂ ಸೇರಿತು.

ತಿದ್ದಿದ್ದೆಲ್ಲ ಸರಿ ಅಂತಲೂ ಅಲ್ಲ. ಒಬ್ಬರು "18 ವೋಲ್ಟ್ ಕೊಡಿ, ಸೌಂಡ್ ಇನ್ನೂ ಚೆನ್ನಾಗಿರುತ್ತೆ" ಅಂತ ಬಹಳ ಧೈರ್ಯವಾಗಿ ಬರೆದರು. ಕೆಲವು ಪೆಡಲ್‌ಗಳು 18 ವೋಲ್ಟ್ ತಡೆಯುತ್ತವೆ, ಕೆಲವು ಕೆಟ್ಟೇ ಹೋಗುತ್ತವೆ. "ಯಾವ ಪೆಡಲ್? ಅದರ ಮ್ಯಾನ್ಯುಯಲ್‌ನಲ್ಲಿ ಇದೆಯಾ?" ಅಂತ ಕೇಳಿದೆ. ಉತ್ತರ ಬರಲಿಲ್ಲ. ಅದನ್ನು ಸೇರಿಸಲಿಲ್ಲ.

ಈಗ ಪ್ರತಿ ಸಾಲಿನ ಮುಂದೆ ಮೂರು ಕಾಲಂ ಇವೆ. ಯಾವುದಕ್ಕೆ? ಸ್ವಂತ ಕೈಯಲ್ಲಿ ನೋಡಿದ್ದೋ, ಯಾರೋ ಹೇಳಿದ್ದೋ? ಕೊನೆಗೆ ಪರೀಕ್ಷಿಸಿದ್ದು ಯಾವಾಗ, ಯಾರು? ಲಿಸ್ಟ್ ಉದ್ದವಾಗಿದೆ, ಓದೋಕೆ ಮೊದಲಿನಷ್ಟು ಸಲೀಸಿಲ್ಲ. "ಕಣ್ಮುಚ್ಚಿ ತಗೊಳ್ಳಿ" ಅನ್ನುವ ಮಾತು ಒಂದು ಸಾಲಿನಲ್ಲೂ ಉಳಿದಿಲ್ಲ.

ಸಂಕ್ರಾಂತಿಗೆ ಗಿಟಾರನ್ನು ವಾಪಸ್ ಒಯ್ದೆ. ಬ್ರಿಡ್ಜ್ ಗಟ್ಟಿಯಾಗಿ ಕೂತಿದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಉಬ್ಬು ಈಗಲೂ ಕಾಣುತ್ತೆ. ಚಿಕ್ಕಪ್ಪ ಏನೂ ಅನ್ನದೆ ಹೊಸ ನೈಲಾನ್ ತಂತಿಗೆ ಶ್ರುತಿ ಮಾಡುತ್ತ ಕೂತರು. ನಾನು ಸಾರಿ ಕೇಳೋಕೆ ಬಾಯಿ ತೆರೆಯುವಷ್ಟರಲ್ಲಿ, "ನಿನ್ನ ಲಿಸ್ಟ್‌ನಲ್ಲಿ ಇದನ್ನೂ ಬರ್ಕೋ" ಅಂದರು. "ನೈಲಾನ್ ತಂತಿ ಹೊಸದು ಹಾಕಿದ್ರೆ ಕೆಲವು ದಿನ ಶ್ರುತಿ ಇಳೀತಾನೇ ಇರುತ್ತೆ. ಹಿಗ್ಗೋದು ನಿಲ್ಲೋವರೆಗೂ ದಿನಾ ಸರಿ ಮಾಡ್ಬೇಕು. ಕೆಟ್ಟ ತಂತಿ ಅಂತ ವಾಪಸ್ ಕೊಟ್ಟಾರು, ಪಾಪ."

ಅಲ್ಲೇ ಕೂತು ಫೋನಿನಲ್ಲಿ ಬರೆದುಕೊಂಡೆ. ಯಾವುದಕ್ಕೆ: ಕ್ಲಾಸಿಕಲ್ ಗಿಟಾರ್. ಸ್ವಂತ ಕೈಯಲ್ಲಿ ನೋಡಿದ್ದು. ಪರೀಕ್ಷಿಸಿದವರು: ಚಿಕ್ಕಪ್ಪ.